ಚಿಕ್ಕಮಾದಮ್ಮನ ಕಿವಿ

ಚಿಕ್ಕಮಾದಮ್ಮನವರಿಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು. ಮಿಕ್ಕಿದ್ದನ್ನು ಆಮೇಲೆ ಹೇಳುತ್ತೇನೆ, ಇದೊಂದನ್ನು ಮೊದಲೇ ಬರೆದಿಟ್ಟುಬಿಡುತ್ತೇನೆ. ಯಾಕೆಂದರೆ ಅವರ ಊರಿಗೆ ಹೋಗಿ ಯಾರನ್ನಾದರೂ ಕೇಳಿದರೆ, "ಒಳ್ಳೆ ಎಂಗ್ಸು ಕಣವ್ವ ಪಾಪ, ಕಡೇಲಿ ಕಿವಿ ಮಂದ ಆಗೋಗಿತ್ತು" ಅನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಆ ಮಾತು ಹುಟ್ಟಿದ್ದು ನನ್ನಿಂದಲೇ ಆದ್ದರಿಂದ ಇನ್ನೂ ಉರಿಯುತ್ತದೆ.

ನಾನು ನಯನ, ಮದ್ದೂರಿನವಳು. ಮಂಡ್ಯದ ನೂರಡಿ ರಸ್ತೆಯಲ್ಲಿ ಟೈಲರ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನನ್ನ ಆಫೀಸು. ಆಫೀಸು ಅಂದರೆ ನಾನು, ಎರಡು ಕಂಪ್ಯೂಟರು, ಒಂದು ಫ್ಯಾನು. ಡೈರಿ, ಕೋಳಿ ಫಾರಂ, ಅಕ್ಕಿ ಗಿರಣಿಯವರಿಗೆ ಬೇಕಾದ ಸಣ್ಣಪುಟ್ಟ ಪ್ರೋಗ್ರಾಮು ಬರೆದುಕೊಡುತ್ತೇನೆ. ಕೆಲಸ ಬಲ್ಲವಳೆಂದು ಜಂಭವೂ ಇತ್ತು.

ಕೊತ್ತತ್ತಿಯಿಂದ ನಾಲೆ ಏರಿ ಹಿಡಿದು ಒಳಗೆ ಹೋದರೆ ಒಂದು ಕೊಪ್ಪಲು ಸಿಗುತ್ತದೆ. ಅಲ್ಲಿ ಅರವತ್ತಕ್ಕೂ ಮೇಲ್ಪಟ್ಟು ಹೆಂಗಸರು ಸೇರಿ ತಮ್ಮದೇ ಒಂದು ಹಾಲಿನ ಸಂಘ ಕಟ್ಟಿಕೊಂಡಿದ್ದಾರೆ. ಅದರ ಡೈರಿಯ ಬೀಗದ ಕೈ ಹತ್ತೊಂಬತ್ತು ವರ್ಷ ಚಿಕ್ಕಮಾದಮ್ಮನವರ ಸೊಂಟದಲ್ಲಿತ್ತು. ಮೂವತ್ತೆರಡಕ್ಕೆ ಗಂಡನನ್ನು ಕಳೆದುಕೊಂಡು, ಒಂದು ಹಸು ಕಟ್ಟಿಕೊಂಡು, ಮಗ ಚಲುವರಾಜುವನ್ನು ಸಾಕಿದ ಹೆಂಗಸು. ಓದು ಬರಹ ಇಲ್ಲ. ಮೊಬೈಲು ಮುಟ್ಟಿದವರಲ್ಲ. ಆದರೆ ಕ್ಯಾನಿಗೆ ಹಾಲು ಬೀಳುವ ಸದ್ದು ಕೇಳಿಯೇ ನೀರು ಬೆರೆತಿದೆಯೋ ಇಲ್ಲವೋ ಹೇಳುತ್ತಿದ್ದರು. ಆಚೆ ಮುಖ ಮಾಡಿ ಕ್ಯಾನು ತೊಳೆಯುತ್ತಿದ್ದವರು ತಿರುಗಿಯೂ ನೋಡದೆ, "ಯಾಕಮ್ಮಿ, ಇವತ್ತು ನಾಲೆ ಒಳಗೆ ನಿಂತ್ಕಂಡ್ ಕರುದ್ಯಾ?" ಅಂದುಬಿಡುತ್ತಿದ್ದರು. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಗುವರು. ನೀರು ಬೆರೆಸಿದವಳು ಮಾರನೆಯ ದಿನ ತೆಪ್ಪಗೆ ಗಟ್ಟಿ ಹಾಲು ತರುವಳು.

ಸಂಘದ ಹಾಲೆಲ್ಲ ಹೋಗುವುದು ಒಂದು ದೊಡ್ಡ ಕೂಲರ್ ತೊಟ್ಟಿಗೆ. ಎರಡು ದಿನಕ್ಕೊಮ್ಮೆ ಟ್ಯಾಂಕರು ಬಂದು ಒಯ್ಯುವ ತನಕ ಅಲ್ಲಿ ತಣ್ಣಗಿರಬೇಕು. ಕರೆಂಟು ಹೋದರೆ ಕೂಡಲೇ ಜನರೇಟರು ಹಾಕಬೇಕು, ಇಲ್ಲದಿದ್ದರೆ ಹಾಲು ಕೆಡುತ್ತದೆ. ಇದಕ್ಕೆ ಚಿಕ್ಕಮಾದಮ್ಮ ತಮ್ಮದೇ ಒಂದು ಉಪಾಯ ಮಾಡಿಕೊಂಡಿದ್ದರು. ಕೂಲರಿನ ಮೋಟಾರಿನ ಮೇಲೆ ಒಂದು ಸ್ಟೀಲು ಲೋಟ, ಲೋಟದೊಳಗೆ ಒಂದು ಚಮಚ. ಮೋಟಾರು ಓಡುತ್ತಿರುವಷ್ಟು ಹೊತ್ತೂ ಅದು ಟಿಣಿಟಿಣಿ ಅನ್ನುತ್ತಿರುತ್ತದೆ. ಅವರ ಮನೆ ಡೈರಿಗೆ ಎದುರೇ, ಇಪ್ಪತ್ತು ಹೆಜ್ಜೆ. ಮನೆಯಲ್ಲಿ ರಾಗಿ ಕೇರುತ್ತಿದ್ದರೂ, ಹಸುವಿಗೆ ಮೇವು ಹಾಕುತ್ತಿದ್ದರೂ ಒಂದು ಕಿವಿ ಲೋಟದ ಕಡೆ. ಹಾಲು ತಣ್ಣಗಾದಾಗ ಮೋಟಾರು ತಾನೇ ಸ್ವಲ್ಪ ಹೊತ್ತು ನಿಲ್ಲುವುದುಂಟು. ಎಷ್ಟು ಹೊತ್ತು ನಿಂತರೆ ಸರಿ, ಎಷ್ಟು ಮೀರಿದರೆ ಎದ್ದು ಓಡಬೇಕು ಎಂಬ ಅಂದಾಜು ಅವರಿಗೆ ಪಕ್ಕಾ ಇತ್ತು. ಹತ್ತೊಂಬತ್ತು ವರ್ಷದಲ್ಲಿ ಒಂದು ಲೀಟರು ಹಾಲೂ ಕೆಟ್ಟಿರಲಿಲ್ಲ.

ಸಂಘದ ಅಧ್ಯಕ್ಷೆ ಶಶಿರೇಖಾ ನನ್ನನ್ನು ಕರೆಸಿದರು. ಬೇರೆಲ್ಲೋ ನೋಡಿಕೊಂಡು ಬಂದಿದ್ದರು, ತಮ್ಮ ಡೈರಿಗೂ ಕಂಪ್ಯೂಟರು ಗಂಟೆ ಬೇಕೆಂದರು. ಡೈರಿಯ ಹಳೆಯ ವಿಂಡೋಸ್ ಕಂಪ್ಯೂಟರಿಗೆ, ಕರೆಂಟು ಹೋದರೂ ಓಡಲೆಂದು ಒಂದು ಯುಪಿಎಸ್ ಕೊಟ್ಟು, ಕೂಲರಿನ ಬಿಸಿ ಅಳೆಯುವ ತಂತಿ ಸಿಕ್ಕಿಸಿದೆ. ಚಿಕ್ಕಮಾದಮ್ಮನವರ ಮನೆಯ ಗೋಡೆಗೆ ಒಂದು ಪುಟ್ಟ ಪೆಟ್ಟಿಗೆ ಹೊಡೆದೆ. ಅದರೊಳಗೆ ಲಿನಕ್ಸಿನಲ್ಲಿ ಓಡುವ ಸಣ್ಣ ಬೋರ್ಡು, ಒಂದು ಸಿಮ್ಮು, ಒಂದು ಗಂಟೆ. ಎರಡರ ನಡುವೆ ಮಾತು ಹೋಗಿಬರುವ ದಾರಿಯ ತುದಿಗೆ ನಮ್ಮ ಕಸುಬಿನಲ್ಲಿ ಸಾಕೆಟ್ ಅನ್ನುತ್ತೇವೆ. ಹಾಲು ಬೆಚ್ಚಗಾದರೆ ಡೈರಿ ಕಂಪ್ಯೂಟರು ತನ್ನ ತುದಿಯಿಂದ ಕೂಗುತ್ತದೆ, ಪೆಟ್ಟಿಗೆ ಈ ತುದಿಯಲ್ಲಿ ಕೇಳಿಸಿಕೊಂಡು ಗಂಟೆ ಬಡಿಯುತ್ತದೆ. ನನ್ನ ಆಫೀಸಿನಲ್ಲಿ ಲಿನಕ್ಸ್ ಮೇಲೂ ಹೊಸ ವಿಂಡೋಸ್ ಮೇಲೂ ಹತ್ತು ಸಲ ಪರೀಕ್ಷೆ ಮಾಡಿದ್ದೆ. ಹತ್ತು ಸಲವೂ ಬಡಿದಿತ್ತು.

"ಅವ್ವ, ಇನ್ಮೇಲೆ ಆ ಲೋಟ ಬೇಡ, ಎತ್ತಿಟ್ಕೊಳ್ಳಿ" ಅಂದೆ.

ಚಿಕ್ಕಮಾದಮ್ಮ ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದರು. "ಇದು ಸುಮ್ಕಿದ್ರೆ ಎಲ್ಲಾ ಸರಿಯಾಗದೆ ಅಂತ್ಲಾ ಮಗ?"

"ಹೂಂ ಅವ್ವ."

"ಇದೇ ಸತ್ತೋಗಿದ್ರೂ ಸುಮ್ಕೇ ಇರ್ತದಲ್ಲ?"

ನಾನು ನಕ್ಕೆ. ದೇವರಾಣೆ, ನಕ್ಕೆ. "ಸತ್ರೆ ಸಿಸ್ಟಮ್ಮೇ ಹೇಳುತ್ತೆ ಅವ್ವ. ಅದಕ್ಕೆಲ್ಲ ಬರೆದಿದ್ದೀನಿ" ಅಂದೆ. ಅವರು ಹೋಗಿ ಲೋಟ ತಂದು, ತಿಕ್ಕಿ ತೊಳೆದು, ಅದರಲ್ಲೇ ನನಗೆ ಕಾಫಿ ಕೊಟ್ಟರು.

ಮೂರು ತಿಂಗಳು ಎಲ್ಲ ಚೆನ್ನಾಗಿ ನಡೆಯಿತು. ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ ಹಾಲು ಹಾಕಿಸಿಕೊಂಡು ಚಿಕ್ಕಮಾದಮ್ಮ ಬೀಗ ಹಾಕಿ ಮನೆಗೆ ಬಂದರು. ಅದಾದ ಸ್ವಲ್ಪ ಹೊತ್ತಿಗೆ ಡೈರಿಯ ಲೈನಿನಲ್ಲಿ ಮಾತ್ರ ಫ್ಯೂಸು ಹೋಗಿದೆ. ಊರಿನ ಮನೆಗಳಲ್ಲೆಲ್ಲ ಕರೆಂಟು ಇತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಆ ದಿನವೆಲ್ಲ ಅವರು ಮನೆ ಬಿಟ್ಟು ಕದಲಲಿಲ್ಲ. ಗಂಟೆಯ ಕೆಳಗೇ ಕೂತು ಅವರೆಕಾಯಿ ಸುಲಿದರು. ಸಂಜೆ ನಾಲ್ಕೂವರೆಗೆ ಹೋಗಿ ಬಾಗಿಲು ತೆಗೆದರೆ ಹುಳಿ ವಾಸನೆ ಮುಖಕ್ಕೆ ಹೊಡೆಯಿತು.

ಎರಡು ದಿನದ ಹಾಲು. ಟ್ಯಾಂಕರಿನವನು ಮೂಸಿ ನೋಡಿ ಬೇಡ ಅಂದ. ಹಾಲನ್ನು ಡೈರಿ ಹಿಂದಿನ ಚರಂಡಿಗೆ ಬಿಟ್ಟರು. ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ಅದನ್ನು ನೋಡುತ್ತ ನಿಂತಿದ್ದರಂತೆ. ಚಿಕ್ಕಮಾದಮ್ಮ ಮಾತ್ರ, "ಗಂಟೆ ಬಡೀನಿಲ್ಲ ಕಣ್ರವ್ವಾ, ನಮ್ಮಪ್ಪನಾಣೆಗೂ ಬಡೀನಿಲ್ಲ" ಎಂದು ಒಬ್ಬೊಬ್ಬರ ಮುಂದೂ ಹೋಗಿ ಹೇಳಿದರಂತೆ.

ಮಾರನೆಯ ದಿನ ಸಭೆ. ನನಗೂ ಕರೆ ಬಂತು. ನಾನು ಹೋದವಳೇ ಮೊದಲು ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಿದೆ. ನಮ್ಮವರ ಮೊದಲ ಮದ್ದು ಅದೇ ತಾನೆ. ಎಲ್ಲರ ಎದುರಿಗೆ ಪರೀಕ್ಷೆಯ ಗುಂಡಿ ಒತ್ತಿದೆ. ಎದುರು ಮನೆಯಲ್ಲಿ ಗಂಟೆ ಊರಿಗೆಲ್ಲ ಕೇಳುವಂತೆ ಬಡಿಯಿತು. ಮೂರು ಸಲ ಒತ್ತಿದೆ, ಮೂರು ಸಲವೂ ಬಡಿಯಿತು. ಆಮೇಲೆ ಕಂಪ್ಯೂಟರು ಬರೆದಿಟ್ಟ ದಾಖಲೆಯನ್ನು ಪ್ರಿಂಟು ಹಾಕಿ ಶಶಿರೇಖಾ ಅವರ ಕೈಗೆ ಕೊಟ್ಟೆ. ಅದರಲ್ಲಿ ಮಂಗಳವಾರದ ಸಾಲು ಸ್ಪಷ್ಟವಾಗಿತ್ತು: 'ಬೆಳಿಗ್ಗೆ 9.42, ಎಚ್ಚರಿಕೆ ಕಳಿಸಲಾಗಿದೆ.'

"ಏನಕ್ಕ ಇದು?" ಎಂದು ಶಶಿರೇಖಾ ಚಿಕ್ಕಮಾದಮ್ಮನವರನ್ನು ಕೇಳಿದರು.

ಅವರು ಅಧ್ಯಕ್ಷೆಯ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದರು. "ನೀನೇ ಯೋಳು ಮಗ. ಬಡೀತಾ?"

"ದಾಖಲೇಲಿ ಇದೆ ಅವ್ವ. ಒಂಬತ್ತು ನಲವತ್ತೆರಡಕ್ಕೆ ಹೋಗಿದೆ" ಅಂದೆ. ಇಷ್ಟೇ ನಾನು ಆಡಿದ್ದು. ನಾಲಿಗೆ ಬಿದ್ದುಹೋಗಬಾರದಿತ್ತೆ ಎಂದು ಈಗ ಅನ್ನಿಸುತ್ತದೆ.

ಅವರ ಕೈ ಸೊಂಟಕ್ಕೆ ಹೋಯಿತು. "ಓದ್ದೋಳು ನೀನು. ನೀನ್ ಯೋಳುದ್ ಮೇಲೆ ಬಡ್ದಿರ್ಬೇಕು ಬುಡವ್ವ. ನಂಗೇ ಕೇಳುಸ್ನಿಲ್ವೇನೋ" ಎಂದು ಎಲೆಅಡಕೆ ಚೀಲ ಬಿಚ್ಚಿ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಶಶಿರೇಖಾ ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರ ಮುಂದೆ ಓದಿದರು: 'ಗಂಟೆ ಬಡಿದಿದ್ದರೂ ಕಿವಿ ಮಂದವಾದ ಕಾರಣ ಚಿಕ್ಕಮಾದಮ್ಮನವರು ಗಮನಿಸಿರುವುದಿಲ್ಲ. ಅವರನ್ನು ಕೆಲಸದಿಂದ ಬಿಡಿಸಲಾಗಿದೆ.' ಬೀಗದ ಕೈ ಶಶಿರೇಖಾ ಅವರ ನಾದಿನಿಗೆ ಹೋಯಿತು. ಆಕೆಯ ಮನೆಗೆ ಹೊಸದೊಂದು ಪೆಟ್ಟಿಗೆ ಹಾಕಿಕೊಟ್ಟೆ. ಹಳೆಯದನ್ನು ಬಿಚ್ಚಿಕೊಂಡು ಬರಲು ಚಿಕ್ಕಮಾದಮ್ಮನವರ ಮನೆಗೆ ಹೋಗಬೇಕಿತ್ತು. ಆ ಮುಖ ನೋಡಲು ಮನಸ್ಸಾಗದೆ ಹೋಗಲಿಲ್ಲ.

ಮುಂದಿನ ಎಂಟು ತಿಂಗಳು ಅವರು ಹೇಗೆ ಬದುಕಿದರು ಎಂಬುದನ್ನು ಚಲುವರಾಜು ನನಗೆ ಬಹಳ ತಡವಾಗಿ ಹೇಳಿದ. ಅವನೇ ಮಂಡ್ಯಕ್ಕೆ ಕರೆದುಕೊಂಡು ಹೋಗಿ, ಡಾಕ್ಟರಿಗೂ ತೋರಿಸದೆ ಅಂಗಡಿಯಲ್ಲಿ ಕಿವಿ ಮಿಷನ್ನು ಕೊಡಿಸಿದನಂತೆ. ಹಾಕಿಕೊಂಡರೆ ತಲೆಯೆಲ್ಲ ಗುಂಯ್ ಅನ್ನುತ್ತದೆಂದು ಅವರು ತೆಗೆದಿಡುವರು, "ಆಕೊಳವ್ವ, ಇನ್ನೊಂದ್ಸಲ ಮಾನ ಕಳೀಬ್ಯಾಡ" ಎಂದು ಇವನು ಬೈಯುವನು. ಪಾತ್ರೆ ಬಿದ್ದರೆ, ಹಸು ಕೂಗಿದರೆ, "ಈಗೇನಾರ ಸದ್ದಾಯ್ತೇನ್ಲಾ?" ಎಂದು ಮಗನನ್ನು ಕೇಳಿ ಖಾತ್ರಿ ಮಾಡಿಕೊಳ್ಳುವರು. ಡೈರಿಗೆ ಹಾಲು ಹಾಕಲು ಹೋದರೆ ಯಾರನ್ನೂ ರೇಗಿಸುತ್ತಿರಲಿಲ್ಲ. ನೀರು ಬೆರೆತ ಸದ್ದು ಕೇಳಿಸಿದರೂ ಸುಮ್ಮನಿರುವರು, ತಮ್ಮ ಕಿವಿಯ ಮೇಲೆ ತಮಗೇ ನಂಬಿಕೆ ಇರಲಿಲ್ಲ. ಗೋಡೆಯ ಪೆಟ್ಟಿಗೆಯ ಸ್ವಿಚ್ಚು ಮಾತ್ರ ಆರಿಸಲು ಬಿಡುತ್ತಿರಲಿಲ್ಲವಂತೆ.

ಅಕ್ಟೋಬರಿನಲ್ಲಿ ಬೆಳಕವಾಡಿಯಿಂದ ಫೋನು ಬಂತು. ಅಲ್ಲಿ ಸಿದ್ದರಾಮು ಅನ್ನುವವರು ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ಮಾಡುವ ಯಂತ್ರ ಇಟ್ಟಿದ್ದಾರೆ. ಅವರಿಗೂ ಇದೇ ಪ್ರೋಗ್ರಾಮು ಕೊಟ್ಟಿದ್ದೆ, ಅವರದೂ ಅಂಥದೇ ಹಳೆಯ ವಿಂಡೋಸ್. "ಮೇಡಂ, ಯಂತ್ರ ಕಾದೋಗಿತ್ತು, ನಿಮ್ ಗಂಟೆ ತುಟಿಪಿಟಕ್ ಅನ್ನಿಲ್ಲ. ನಾನ್ ಏನೂ ಮುಟ್ಟಿಲ್ಲ, ಎಂಗದೋ ಅಂಗೇ ಬುಟ್ಟಿವ್ನಿ. ಬಂದ್ ನೋಡಿ" ಅಂದರು. ಆಫ್ ಮಾಡಿ ಆನ್ ಮಾಡದೆ ಬಿಟ್ಟ ಮೊದಲ ಮನುಷ್ಯ ಅವರು. ಆ ಪುಣ್ಯಾತ್ಮನ ದೆಸೆಯಿಂದ ನಿಜ ಸಿಕ್ಕಿತು.

ಆದದ್ದು ಇಷ್ಟು. ಟವರಿನ ತೊಂದರೆಯಿಂದ ಆಗಾಗ ಎರಡು ತುದಿಯ ನಡುವಿನ ದಾರಿ ಕಡಿದುಹೋಗುತ್ತದೆ. ಆಗ ಕಂಪ್ಯೂಟರು ಪೆಟ್ಟಿಗೆಯನ್ನು ಮತ್ತೆ ಕರೆಯುತ್ತದೆ. ಕರೆ ಸೇರಿತೋ ಇಲ್ಲವೋ ಎಂಬುದನ್ನು ಕಂಪ್ಯೂಟರಿನ ಸಿಸ್ಟಮ್ಮು ನನ್ನ ಪ್ರೋಗ್ರಾಮಿಗೆ ತಿಳಿಸಬೇಕು. ಲಿನಕ್ಸ್ ಎರಡನ್ನೂ ಹೇಳುತ್ತದೆ: ಸೇರಿದರೆ ಸೇರಿತು, ಸೇರದಿದ್ದರೆ ಇಲ್ಲ. ಹೊಸ ವಿಂಡೋಸೂ ಹೇಳುತ್ತದೆ. ಹಳೆಯದರಲ್ಲಿ, ನಾನು ಕೇಳಿದ ರೀತಿಯಲ್ಲಿ ಕೇಳಿದರೆ, ಸೇರಿದ್ದನ್ನು ಮಾತ್ರ ಹೇಳುತ್ತದೆ. ಸೇರದಿದ್ದರೆ ಸುಮ್ಮನಿರುತ್ತದೆ. ಇದು ತಿಳಿದವರಿಗೆಲ್ಲ ತಿಳಿದಿದ್ದ ಸಂಗತಿ, ನಾನು ಓದಿರಲಿಲ್ಲ. ನನ್ನ ಪ್ರೋಗ್ರಾಮು ಉತ್ತರ ಈಗ ಬರುತ್ತದೆ, ಆಗ ಬರುತ್ತದೆ ಎಂದು ಬಾಯಿ ಬಿಟ್ಟುಕೊಂಡು ಕಾಯುತ್ತ ಕೂತಿತ್ತು. ಆಫ್ ಮಾಡಿ ಆನ್ ಮಾಡಿದರೆ ಹೊಸದಾಗಿ ಕರೆದು ದಾರಿ ಕೂಡಿಬಿಡುತ್ತದೆ, ತಪ್ಪಿನ ಕುರುಹೇ ಉಳಿಯುವುದಿಲ್ಲ. ಎಚ್ಚರಿಕೆಯನ್ನು ಕಳಿಸಬೇಕಾದ ಸಾಲಿನಲ್ಲಿ ಇಟ್ಟ ಕೂಡಲೇ 'ಕಳಿಸಲಾಗಿದೆ' ಎಂದು ಬರೆದುಕೊಂಡಿತ್ತು. ಹಾಗೆ ಬರೆಯಲು ಹೇಳಿಕೊಟ್ಟವಳು ನಾನೇ.

ಇನ್ನೊಂದಿದೆ. ಗಂಟೆ ಬಡಿದ ಮೇಲೆ ಪೆಟ್ಟಿಗೆ 'ಬಡಿದೆ' ಎಂದು ಒಂದು ಮಾತು ವಾಪಸು ಕಳಿಸುತ್ತದೆ. ಅದು ಬೇರೊಂದು ಕಡತದಲ್ಲಿ ಸೇರುತ್ತದೆ. ಸಭೆಯ ದಿನ ನಾನು ಅದನ್ನು ತೆಗೆದೇ ನೋಡಿರಲಿಲ್ಲ. ಆ ಕೊಪ್ಪಲಿನ ಕಡತದ ನಕಲು ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. ಸಿದ್ದರಾಮು ಅವರ ಕೋಳಿಮರಿಗಳ ಕಿಚಿಪಿಚಿಯ ನಡುವೆ ಕೂತು ತೆಗೆದೆ. ಎಲ್ಲ ಎಚ್ಚರಿಕೆಗೂ 'ಬಡಿದೆ' ಇತ್ತು. ಫೆಬ್ರವರಿಯ ಆ ಮಂಗಳವಾರ 9.42ಕ್ಕೆ ಇರಲಿಲ್ಲ.

ಬರುವಾಗ ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೂತವಳು ಬಸ್ಸಿನ ಮೇಲೆ ಬಸ್ಸು ಹೋದರೂ ಏಳಲಿಲ್ಲ. ಒಬ್ಬ ಹೆಂಗಸಿನ ಮಾತು ನಿಜವೋ ಸುಳ್ಳೋ ಎಂದು ನೋಡಲು ಎರಡು ನಿಮಿಷ ಸಾಕಿತ್ತು. ಆ ಎರಡು ನಿಮಿಷ ನಾನು ಕೊಟ್ಟಿರಲಿಲ್ಲ.

ನೇರವಾಗಿ ಅವರ ಮನೆಗೆ ಹೋಗಬೇಕಿತ್ತು. ಹೆದರಿಕೆ. ಮೊದಲು ಸರಿಮಾಡಿ, ಆಮೇಲೆ ಹೇಳೋಣ ಅಂದುಕೊಂಡೆ. ಪ್ರೋಗ್ರಾಮು ತಿದ್ದಿದೆ. ಅರ್ಧ ನಿಮಿಷಕ್ಕೊಮ್ಮೆ ಎರಡು ತುದಿಯೂ 'ಇದ್ದೀಯಾ' 'ಇದ್ದೀನಿ' ಎಂದು ಕೇಳಿಕೊಳ್ಳುವ ಹಾಗೆ ಮಾಡಿದೆ. ಚಿಕ್ಕಮಾದಮ್ಮನವರ ಲೋಟ ಮಾಡುತ್ತಿದ್ದುದೂ ಅದನ್ನೇ ಎಂದು ಬರೆಯುವಾಗ ಹೊಳೆಯಿತು. 'ಬಡಿದೆ' ಎಂಬ ಉತ್ತರ ಬಾರದ ಎಚ್ಚರಿಕೆ ಯಾವುದಿದ್ದರೂ ಉತ್ತರ ಬರುವ ತನಕ ಮತ್ತೆ ಕಳಿಸಬೇಕು ಎಂದೂ ಸೇರಿಸಿದೆ. ಎರಡು ದಿನ ಬಿಟ್ಟು ಕೊಪ್ಪಲಿಗೆ ಹೋಗಿ, ಶಶಿರೇಖಾ ಅವರನ್ನು ಕರೆಸಿ, ಡೈರಿಯಲ್ಲಿ ಕೂತು ಅದನ್ನು ಹಾಕಿದೆ. ಹೊತ್ತು ಬೆಳಿಗ್ಗೆ ಹನ್ನೊಂದಿರಬಹುದು. ಹಾಲಿನವರು ಯಾರೂ ಇರಲಿಲ್ಲ, ಬಾಗಿಲು ಮುಂದೆ ಮಾಡಿಕೊಂಡಿದ್ದೆವು.

ಹಾಕಿ ಒಂದು ನಿಮಿಷ ಆಗಿರಲಿಲ್ಲ, ಎದುರು ಮನೆಯಲ್ಲಿ ಗಂಟೆ ಬಡಿಯಿತು.

ಉತ್ತರವಿಲ್ಲದೆ ಉಳಿದಿದ್ದ ಆ ಒಂದೇ ಎಚ್ಚರಿಕೆಯನ್ನು ಹೊಸ ಪ್ರೋಗ್ರಾಮು ಹುಡುಕಿ, ಅದು ಸೇರಬೇಕಿದ್ದ ಹಳೆಯ ಪೆಟ್ಟಿಗೆಗೇ ಕಳಿಸಿತ್ತು. ಎಂಟು ತಿಂಗಳ ಮೇಲೆ. ಹೀಗಾಗಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ. ಎದ್ದು ನಿಲ್ಲುವಷ್ಟರಲ್ಲಿ ಬಾಗಿಲು ದಬದಬ ಸದ್ದಾಯಿತು.

"ಜನ್ರೇಟ್ರು ಆಕ್ರವ್ವಾ! ಆಲು ಕೆಡ್ತದೆ, ಬಿರ್‌ಬಿರ್ನೆ ಆಕಿ!"

ಬಾಗಿಲು ತೆಗೆದೆ. ಚಿಕ್ಕಮಾದಮ್ಮ. ಕೈಯೆಲ್ಲ ಸಗಣಿ, ಕೊಟ್ಟಿಗೆಯಿಂದ ಹಾಗೇ ಓಡಿ ಬಂದಿದ್ದಾರೆ. ಏದುಸಿರು. ಎಷ್ಟು ಇಳಿದುಹೋಗಿದ್ದರು ಅಂದರೆ ಒಂದು ಕ್ಷಣ ಗುರುತು ಸಿಗಲಿಲ್ಲ.

ಶಶಿರೇಖಾ, "ಯಾಕಕ್ಕ, ಕರೆಂಟು ಅದಲ್ಲ. ಉಚ್ಚುಗಿಚ್ಚು ಇಡೀತಾ ನಿಂಗೆ?" ಎಂದು ನಗಲು ಹೋದರು. ಮೋಟಾರು ಓಡುತ್ತಿರುವುದು ಕೇಳಿಸಿ ಚಿಕ್ಕಮಾದಮ್ಮನವರ ಮುಖ ಕಪ್ಪಿಟ್ಟಿತು. "ಬಡೀತಲ್ಲ ಮಗ... ಬಡೀನಿಲ್ವಾ?" ಎಂದು ನನ್ನನ್ನು ಕೇಳಿದರು. ಅವತ್ತು ಸಭೆಯಲ್ಲಿ ಕೇಳಿದ ಹಾಗೇ.

"ಬಡೀತು ಅವ್ವ. ಈಗ ಬಡೀತು. ಅವತ್ತು ಬಡೀಲಿಲ್ಲ" ಅಂದೆ. ನಿಂತಲ್ಲೇ ಎಲ್ಲ ಹೇಳಿದೆ. ಸಾಕೆಟ್ಟು ಗೀಕೆಟ್ಟು ಏನೂ ಹೇಳಲಿಲ್ಲ. ತಪ್ಪು ನನ್ನದು, ಕಂಪ್ಯೂಟರು ಸುಳ್ಳು ಬರೆದಿತ್ತು, ಬರೆಸಿದವಳು ನಾನು, ನಿಮ್ಮ ಮಾತು ನಿಜವಾಗಿತ್ತು ಅಂದೆ. ಕಾಲು ಮುಟ್ಟಲು ಬಗ್ಗಿದರೆ ಸಗಣಿ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಸರಿದರು.

ಡೈರಿಯ ಮೆಟ್ಟಿಲ ಮೇಲೆ ಕೂತರು. "ಎಂಟ್ ತಿಂಗ್ಳಿಂದ ನನ್ ಕಿವೀನ ನಾನೇ ಬೈಕಂಡೆ ಕಣವ್ವ" ಅಂದರು. ಆಮೇಲೆ ಏನೋ ನೆನಪಾದವರಂತೆ ಕಿವಿ ಮುಟ್ಟಿ ನೋಡಿಕೊಂಡರು. "ಮಿಷನ್ನು ಆಕಿಲ್ಲ ಕಣವ್ವ. ಗೂಟದಲ್ಲದೆ. ಕೊಟ್ಗೇಲಿದ್ರೂ ಕೇಳುಸ್ತು." ಅಳುತ್ತಲೇ ನಕ್ಕರು.

ಬೀಗದ ಕೈ ಮತ್ತೆ ತೆಗೆದುಕೊಳ್ಳಿ ಎಂದು ಶಶಿರೇಖಾ ತಲೆ ತಗ್ಗಿಸಿ ಕೇಳಿದರು. ಬೇಡವೆಂದರು. ಅವರಿಗೆ ಬೇಕಿದ್ದದ್ದು ಒಂದೇ. "ಆ ಪುಸ್ತಕ್ದಲ್ಲಿ ಬರ್ದಿದ್ರಲ್ಲ, ಅದ ತಿದ್ಬುಡಿ. ಎಲ್ರ ಮುಂದೆ ಓದುದ್ರಿ ಅವತ್ತು, ಎಲ್ರ ಮುಂದೆ ಓದ್ಬುಡಿ."

ನಡಾವಳಿ ತಿದ್ದಲು ಸಭೆ ಸೇರಬೇಕು, ಸಭೆಗೆ ಇಷ್ಟು ಜನ ಇರಬೇಕು. ನವೆಂಬರಿನಲ್ಲಿ ಕರೆದರು. ಚಿಕ್ಕಮಾದಮ್ಮ ಒಳ್ಳೆ ಸೀರೆ ಉಟ್ಟು, ಕಿವಿಯಲ್ಲಿ ಮಿಷನ್ನಿಲ್ಲದೆ, ಮುಂದಿನ ಸಾಲಿನಲ್ಲಿ ಬಂದು ಕೂತರು. ಕಬ್ಬು ಕಡಿಯುವ ಕಾಲ, ಹತ್ತು ಜನವೂ ಬಂದಿರಲಿಲ್ಲ. ಮುಂದಕ್ಕೆ ಹಾಕಿದರು. ಡಿಸೆಂಬರಿನಲ್ಲಿ ಅದೇ ಸೀರೆ ಉಟ್ಟು ಮತ್ತೆ ಬಂದರು. ಮತ್ತೆ ಮುಂದಕ್ಕೆ ಹೋಯಿತು. ಎರಡು ಸಲವೂ ನಾನು ಇದ್ದೆ, ಶಶಿರೇಖಾ ಅವರೊಡನೆ ಜಗಳವಾಡಿದೆ, ಏನೂ ಗಿಟ್ಟಲಿಲ್ಲ. ಸಂಕ್ರಾಂತಿ ಹಿಂದಿನ ವಾರ ಚಿಕ್ಕಮಾದಮ್ಮನವರಿಗೆ ಜ್ವರ ಬಂತು, ಎದೆಗೆ ಇಳಿಯಿತು. ನಾಲ್ಕು ದಿನದಲ್ಲಿ ಹೋಗಿಬಿಟ್ಟರು.

ಸಭೆ ಸೇರಿದ್ದು ಫೆಬ್ರವರಿಯಲ್ಲಿ. ಬೋನಸ್ ಹಂಚುವ ದಿನವಾದ್ದರಿಂದ ಒಬ್ಬರೂ ತಪ್ಪಿಸಿಕೊಂಡಿರಲಿಲ್ಲ. ಎಲ್ಲ ಮುಗಿಯುತ್ತ ಬಂದರೂ ಆ ವಿಷಯ ಬರಲಿಲ್ಲ. ನಾನು ಎದ್ದು ನಿಂತೆ. "ಸತ್ತೋರ ಇಚಾರ ಈಗ್ಯಾಕವ್ವ" ಎಂದು ಯಾರೋ ಗೊಣಗಿದರು. "ಬದುಕಿದ್ದಾಗ ಎರಡು ಸಲ ಬಂದು ಕೂತಿದ್ದರಲ್ಲ, ಆಗೆಲ್ಲಿ ಹೋಗಿದ್ದಿರಿ ನೀವು?" ಎಂದು ಕೂಗಾಡಿಬಿಟ್ಟೆ. ಶಶಿರೇಖಾ ಪುಸ್ತಕ ತೆಗೆದು, ಹಳೆಯ ಸಾಲಿನ ಮೇಲೆ ಗೀಟು ಎಳೆದು, ನಾನು ಹೇಳಿದ ಹಾಗೆ ಕೆಳಗೆ ಬರೆದು, ಓದಿದರು: 'ಆ ದಿನ ಗಂಟೆ ಬಡಿದಿರಲಿಲ್ಲ. ಚಿಕ್ಕಮಾದಮ್ಮನವರು ಹೇಳಿದ್ದು ನಿಜ. ಅವರ ಕಿವಿ ಸರಿಯಾಗಿತ್ತು.'

ಬಾಗಿಲ ಬಳಿ ನಿಂತಿದ್ದ ಚಲುವರಾಜು ಮುಂದೆ ಬಂದ. ಅವನ ಮುಷ್ಟಿಯಲ್ಲಿ ಕಿವಿ ಮಿಷನ್ನಿನ ಡಬ್ಬಿ ಇತ್ತು.

"ಇನ್ನೊಂದ್ಸಲ ಓದಿ ಅಕ್ಕ" ಅಂದ. "ಜೋರಾಗ್ ಓದಿ."

ಶಶಿರೇಖಾ ಎದ್ದು ನಿಂತು, ಜೋರಾಗಿ, ಇನ್ನೊಂದು ಸಲ ಓದಿದರು.